ಇಪ್ಪತ್ತೆರಡು ನಿಮಿಷ

ಚೀಟಿಯ ಮೇಲೆ ನಲವತ್ತೊಂದು ಎಂದಿತ್ತು. ಗೋಡೆಯ ಮೇಲಿನ ಕೆಂಪು ಅಂಕಿ ಇಪ್ಪತ್ತೊಂಬತ್ತಕ್ಕೆ ಬಂದು ನಿಂತು ಆಗಲೇ ಅರ್ಧ ಗಂಟೆಯ ಮೇಲಾಗಿತ್ತು. ನಿಂತ ಅಂಕಿಯೆಂದರೆ ಅವನಿಗೆ ಆಗಿಬರುತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಊರಿಗೆ ನೀರು ತಳ್ಳುವ ಪಂಪ್‌ಹೌಸಿನಲ್ಲಿ ಆಪರೇಟರಾಗಿದ್ದವನು ಅವನು. ಒತ್ತಡದ ಮುಳ್ಳು ಮಿಸುಕಾಡದೆ ಒಂದೇ ಕಡೆ ನಿಂತಿದೆಯೆಂದರೆ ಎಲ್ಲ ನೆಟ್ಟಗಿದೆ ಎಂದಲ್ಲ, ಮುಳ್ಳು ಸಿಕ್ಕಿಕೊಂಡಿದೆ ಎಂದು, ಹತ್ತಿರ ಹೋಗಿ ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಬೇಕು ಎಂದು ಅವನ ಕೈಗೇ ಗೊತ್ತಿತ್ತು. ಇಲ್ಲಿ ಏನನ್ನು ತಟ್ಟುವುದು? ಕೌಂಟರಿನ ಗಾಜಿನ ಹಿಂದೆ ಕೂತ ಹೆಂಗಸು ಬೆಳಿಗ್ಗೆ ಚೀಟಿ ಕೊಡುವಾಗ ತಲೆಯೆತ್ತದೆ, ಪೇಷಂಟ್ ಬಂದಿದ್ದಾರಾ ಎಂದು ಕೇಳಿದ್ದಳು. ಅವನು ಹೂಂ ಎಂದಿದ್ದ. ಇಲ್ಲವೆಂದಿದ್ದರೆ ಚೀಟಿ ಸಿಗುತ್ತಿರಲಿಲ್ಲ. ಎರಡು ಸಲ ತಪ್ಪಿಸಿದ್ದಾಗಿತ್ತು, ಮೂರನೆಯದೂ ತಪ್ಪಿದರೆ ಹೆಸರು ತೆಗೆಯಲಾಗುವುದು ಎಂದು ಕಾಗದ ಬಂದಿತ್ತು. ಹೂಂ ಎಂದದ್ದು ಎಷ್ಟು ಸಲೀಸಾಗಿ ಬಂತೆಂದರೆ, ಬಾಯಿಂದ ಬಿದ್ದ ಮೇಲೆ ಅದನ್ನು ಯಾರೋ ಹಿಂದೆ ನಿಂತು ಹೇಳಿದರೇನೋ ಎಂಬಂತೆ ಒಮ್ಮೆ ತಿರುಗಿ ನೋಡಿದ್ದ.

ಆ ಒಂದು ಹೂಂಗೆ ಈಗ ಮರಿಗಳಾಗಿದ್ದವು. ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲವಿಟ್ಟುಕೊಂಡಿದ್ದ. ಮಂಡಿ ಊದಿಸಿಕೊಂಡು ಕುಂಟುತ್ತಾ ಬಂದ ದಪ್ಪನೆಯ ಹೆಂಗಸೊಬ್ಬಳು, ಇಲ್ಲಿ ಯಾರಾದರೂ ಇದ್ದಾರಾ ಎಂದಾಗ, ಕೌಂಟರಿನವಳ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿದ್ದುದರಿಂದ, ಮಗಳು, ಈಗ ಬರುತ್ತಾಳೆ ಎಂದುಬಿಟ್ಟ. ಮಂಡಿಯ ಹೆಂಗಸು ಗೋಡೆಗೊರಗಿ ನಿಂತಳು. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸಿದಳು. ಮತ್ತೆ ಬದಲಾಯಿಸಿದಳು. ಕುರ್ಚಿ ಖಾಲಿಯೇ ಇತ್ತು, ಅದರ ಮೇಲೆ ಅವನ ಚೀಲ ದೊರೆಯ ಹಾಗೆ ಕೂತಿತ್ತು. ಈಗ ಎದ್ದು, ಕೂತ್ಕೊಳ್ಳಿ ತಾಯಿ, ಯಾರೂ ಬರೋದಿಲ್ಲ ಎಂದರೆ ಆಗ ಹೇಳಿದ್ದು ಸುಳ್ಳಾಗುತ್ತದೆ. ತಾನೇ ಎದ್ದು ತನ್ನ ಕುರ್ಚಿ ಕೊಡಬಹುದಿತ್ತು. ಆದರೆ ಹಾಗೆ ಮಾಡಿದರೆ ಅವಳು ಮಗಳ ಕುರ್ಚಿಯ ಪಕ್ಕದಲ್ಲಿ ಕೂತು ಮಗಳ ಬಗ್ಗೆ ಕೇಳುತ್ತಾಳೆ. ಬೆವರು ಕಂಕುಳಿನಿಂದ ಹೊರಟು ಪಕ್ಕೆಯ ಮೇಲೆ ಇಳಿಯುವುದು ಅವನಿಗೆ ತಿಳಿಯಿತು. ಇರುವೆಯೊಂದು ದಾರಿ ಹುಡುಕಿಕೊಂಡು ಹೋದಂತೆ.

ಮಗಳು ಈಗ ಮನೆಯಲ್ಲಿ ಒಬ್ಬಳೇ ಇದ್ದಳು. ಹೆಂಡತಿ ಎಂಟಕ್ಕೇ ಕೈಗವಸು ಹೊಲಿಯುವ ಕಾರ್ಖಾನೆಗೆ ಹೋಗಿದ್ದಳು. ಈ ತಿಂಗಳು ಇನ್ನೊಂದು ರಜೆ ಕೇಳಿದರೆ ಮೇಸ್ತ್ರಿಣಿ ನಾಳೆಯಿಂದ ಬರಬೇಡ ಎಂದು ಮುಖಕ್ಕೇ ಹೇಳುತ್ತಾಳೆ ಎಂದಿದ್ದಳು. ಅವನು ಒಂಬತ್ತೂವರೆಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಅವಳ ಕೋಣೆಯ ಬಾಗಿಲಿಗೆ ಹೋಗಿ ನಿಂತಿದ್ದ. ಕಿಟಕಿಗೆ ಎರಡು ಪದರ ಕಪ್ಪು ಬಟ್ಟೆ, ಬಾಗಿಲ ಅಡಿಯ ಸಂದಿಗೆ ಹಳೆಯ ಕಂಬಳಿಯ ಸುರುಳಿ, ಗಡಿಯಾರವನ್ನು ಎಂದೋ ತೆಗೆದಾಗಿತ್ತು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಮೊದಲು ಹಾಸಿಗೆ, ಆಮೇಲೆ ಹಾಸಿಗೆಗಿಂತ ಸ್ವಲ್ಪವೇ ಎತ್ತರವಾಗಿ ಅವಳು. ಲೋಟದ ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು ಹಾಕಿ, ಬಾಗುವ ಕೊಳವೆಯನ್ನು ಅವಳ ತುಟಿಯ ಹತ್ತಿರ ತಂದು ದಿಂಬಿಗೆ ಆನಿಸಿಟ್ಟ. ಆಸ್ಪತ್ರೆಗೆ ಹೋಗಿ ಬರ್ತೀನಿ ಎಂದು ಉಸಿರಿನಲ್ಲಿ ಹೇಳಿದ. ಹೊದಿಕೆಯ ಮೇಲಿದ್ದ ಅವಳ ಕೈಯಲ್ಲಿ ಒಂದು ಬೆರಳು ಎದ್ದು ಬಿತ್ತು. ಒಂದು ಬೆರಳೆಂದರೆ ಹೌದು, ಎರಡೆಂದರೆ ಇಲ್ಲ. ಮಾತು ನಿಂತು ಏಳು ತಿಂಗಳಾಗಿತ್ತು. ಇವಳನ್ನೇ ಮನೆಯವರೆಲ್ಲ ಮಿಡತೆ ಎಂದು ಕರೆಯುತ್ತಿದ್ದುದು. ಕೂತಲ್ಲಿ ಕೂರುತ್ತಿರಲಿಲ್ಲ, ಬಾಯಿಯೂ ಸುಮ್ಮನಿರುತ್ತಿರಲಿಲ್ಲ, ಎರಡು ಮೆಟ್ಟಿಲು ಬಿಟ್ಟು ಮೂರನೆಯದಕ್ಕೆ ಹಾರುತ್ತಿದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹತ್ತು ದಿನ ಜ್ವರ ಬಂತು. ಜ್ವರ ಹೋಯಿತು, ಅವಳು ಮಾತ್ರ ತಿರುಗಿ ಬರಲಿಲ್ಲ.

ಕೆಂಪು ಅಂಕಿ ಮೂವತ್ತಾಯಿತು, ತಕ್ಷಣವೇ ಮೂವತ್ತೊಂದಾಯಿತು. ಮೂವತ್ತರವರು ಬಂದಿಲ್ಲವೇನೋ. ಬಾರದವರ ಬಗ್ಗೆ ಅವನಿಗೆ ಹೊಟ್ಟೆಕಿಚ್ಚೆನಿಸಿತು. ಆಗೆಲ್ಲ, ಮೊದಮೊದಲು, ರಕ್ತದ ವರದಿಗಳು ಬಂದಾಗ ತಾನು ಎಷ್ಟು ಹಿಗ್ಗಿದ್ದೆ ಎಂಬುದು ನೆನಪಾಗಿ ನಾಲಿಗೆ ಕಹಿಯಾಯಿತು. ಪ್ರತಿ ಸಾಲಿನಲ್ಲೂ ಅಂಕಿ, ಪಕ್ಕದಲ್ಲಿ ಇಷ್ಟರಿಂದ ಇಷ್ಟರವರೆಗೆ ಎಂಬ ಮಿತಿ. ಎಲ್ಲ ಅಂಕಿಯೂ ಮಿತಿಯೊಳಗೆ. ಅಂಕಿ ಸರಿಯಿದ್ದರೆ ಯಂತ್ರ ಕೆಟ್ಟಿಲ್ಲ, ಇದಕ್ಕಿಂತ ಬೇರೆ ಪುರಾವೆ ಬೇಕೇ? ಮಗಳ ಮುಂದೆ ಕಾಗದ ಹಿಡಿದು, ನೋಡು, ನಿನಗೇನೂ ಆಗಿಲ್ಲ ಎಂದಿದ್ದ. ಅವಳು ಆಗಿನ್ನೂ ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಹಾಗಾದ್ರೆ ಆಗಿರೋದು ಯಾರಿಗಪ್ಪಾ ಎಂದು ಕೇಳಿದ್ದಳು. ಅದನ್ನವನು ತಮಾಷೆಯೆಂದು ತಿಳಿದು ನಕ್ಕಿದ್ದ.

ಆಮೇಲೆ ಇದೇ ಆಸ್ಪತ್ರೆಯ ಇದೇ ವಿಭಾಗ, ವ್ಯಾಯಾಮದ ಮೇಷ್ಟ್ರು. ಬಿಳಿ ಬೂಟಿನ, ಬಿಳಿ ಹಲ್ಲಿನ ಮನುಷ್ಯ, ಮಾತಿಗೊಮ್ಮೆ ಬೆನ್ನು ತಟ್ಟುವವನು. ದೇಹ ಮರೆತುಬಿಟ್ಟಿದೆ, ನಾವು ನೆನಪು ಮಾಡಿಕೊಡಬೇಕು, ಅಷ್ಟೇ ಎಂದಿದ್ದ. ದಿನಾ ನಡೆಯಬೇಕು, ವಾರವಾರ ನಿಮಿಷ ಏರಬೇಕು, ಆಯಾಸವಾದರೂ ನಿಲ್ಲಿಸಬಾರದು, ಆಯಾಸ ಸುಳ್ಳು ಹೇಳುತ್ತದೆ. ಹನ್ನೆರಡು ವಾರದ ಪಟ್ಟಿಯೊಂದನ್ನು ಅಪ್ಪನ ಕೈಗೇ ಕೊಟ್ಟ. ನೀವು ರಿಜಿಸ್ಟರ್ ಬರೆಯೋರು, ನಿಮಗೆ ಹೇಳಿಕೊಡಬೇಕಾ ಎಂದ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರು ತನ್ನ ಕೆಲಸಕ್ಕೆ ಬೆಲೆ ಕೊಟ್ಟರೆಂದು ಅವನು ಉಬ್ಬಿಹೋಗಿದ್ದ. ಮೊದಲ ವಾರ ಇದ್ದದ್ದನ್ನೇ ಬರೆದ. ನಾಲ್ಕು ನಿಮಿಷ. ಮರುದಿನ ಮೂರು. ಅದರ ಮರುದಿನ ಸೊನ್ನೆ, ಸೊನ್ನೆ, ಸೊನ್ನೆ. ಮೇಷ್ಟ್ರು ಸೊನ್ನೆಗಳ ಮೇಲೆ ಪೆನ್ನಿನ ತುದಿಯನ್ನು ಒಂದೊಂದಾಗಿ ಕುಟ್ಟಿ, ನಗುನಗುತ್ತಲೇ, ಮನಸ್ಸಿಲ್ಲದವರಿಗೆ ಜಾಗ ಕೊಟ್ಟರೆ ಮನಸ್ಸಿರೋರಿಗೆ ಎಲ್ಲಿಂದ ಕೊಡೋದು ಎಂದ. ಹೊರಗೆ ಹಾಕುತ್ತಾರೆ ಎಂಬುದು ಅಪ್ಪನಿಗೆ ಅರ್ಥವಾಯಿತು. ಊರಿನಲ್ಲಿ ಈ ಕಾಯಿಲೆಯ ಹೆಸರು ಬಲ್ಲ ಬಾಗಿಲು ಇದೊಂದೇ ಇತ್ತು.

ಪಂಪ್‌ಹೌಸಿನಲ್ಲಿ ಗಂಟೆಗಂಟೆಗೂ ಒತ್ತಡ, ತೊಟ್ಟಿಯ ಮಟ್ಟ, ಮೋಟಾರಿನ ಬಿಸಿ ಬರೆಯಬೇಕು. ಯಾರೂ ಗಂಟೆಗಂಟೆಗೆ ಬರೆಯುವುದಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ಒಟ್ಟಿಗೆ ಕೂತು, ಚಹ ಕುಡಿಯುತ್ತಾ, ಎಂಟು ಗಂಟೆಯ ಅಂಕಿಗಳನ್ನು ಹತ್ತು ನಿಮಿಷದಲ್ಲಿ ತುಂಬಿಸುತ್ತಾರೆ. ಅವನಿಗೆ ಇದನ್ನು ಕಲಿಸಿದ್ದು ಈಗ ಸತ್ತುಹೋಗಿರುವ ಹಳೇ ಆಪರೇಟರು. ಮೂಗಿನೊಳಗಿಂದ ಮಾತಾಡುವ, ಬೆಲ್ಟಿನ ಬದಲು ಹಗ್ಗ ಕಟ್ಟುವ ಮುದುಕ. "ಸೊನ್ನೆ ಮಾತ್ರ ಬರೀಬೇಡ ಮಾರಾಯ, ಸೊನ್ನೆ ಬರೆದ್ರೆ ಇನ್‌ಸ್ಪೆಕ್ಷನ್ ಬರುತ್ತೆ. ಒಂದೇ ಸಮ ಏರಿಸ್ಲೂ ಬೇಡ, ನಂಬಲ್ಲ ಅವರು. ನಡುವೆ ಒಂದ್ಸಲ ಕೆಮ್ಮಿಸು." ಮೇಷ್ಟ್ರ ಆ ಮಾತಿನ ಮೇಲೆ, ಬೆಳಿಗ್ಗೆ ಪಾಳಿ ಮುಗಿಸಿ ರಿಜಿಸ್ಟರ್ ತುಂಬಿಸಿದ ಕೈಯೇ, ಅದೇ ಪೆನ್ನಿನಲ್ಲಿ, ಅದೇ ಚಹದ ಲೋಟದ ಪಕ್ಕದಲ್ಲಿ ಮಗಳ ಪಟ್ಟಿಯನ್ನೂ ತುಂಬಿಸಿತು. ಆರು, ಒಂಬತ್ತು, ಹನ್ನೆರಡು. ಐದನೆಯ ವಾರ ಎಂಟಕ್ಕೆ ಇಳಿಸಿದ. ಅದು ಕೆಮ್ಮು. ಮತ್ತೆ ಹದಿಮೂರು, ಹದಿನಾರು, ಹತ್ತೊಂಬತ್ತು. ಒಂಬತ್ತನೆಯ ವಾರಕ್ಕೆ ಇಪ್ಪತ್ತೆರಡು. ನಾಚಿಕೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಕೆಲಸ ಒಪ್ಪವಾಗಿ ಬಂದಿದೆ ಎಂದೇ ಅನಿಸಿತ್ತು.

ಒಂದು ದಿನ ಪಟ್ಟಿ ಅವಳ ಕೈಗೆ ಸಿಕ್ಕಿತು. ಮಲಗಿಕೊಂಡೇ ಮುಖದ ಮೇಲೆ ಹಿಡಿದು, ತೋಳು ಸೋತು ಕಾಗದ ಮೂಗಿನ ಮೇಲೆ ಬೀಳುವವರೆಗೆ ಓದಿದಳು. ಆಮೇಲೆ ಕಾಗದದ ಅಡಿಯಿಂದಲೇ ಮಾತಾಡಿದಳು. "ಈ ಹುಡುಗಿ ಪರವಾಗಿಲ್ಲ ಕಣಪ್ಪಾ. ನಂಗೂ ಪರಿಚಯ ಮಾಡ್ಸು."

ಪಕ್ಕದಲ್ಲಿ ಯಾರೋ ಏದುಸಿರು ಬಿಟ್ಟರು. ಮಂಡಿಯ ಹೆಂಗಸು ಗೋಡೆಯುದ್ದಕ್ಕೂ ಜಾರಿ ಅರ್ಧ ಕುಕ್ಕರಿಸಿದಂತಾಗಿದ್ದಳು. ಅವನು ಚೀಲವನ್ನು ಎಳೆದುಕೊಂಡು, ಕೂತ್ಕೊಳ್ಳಿ, ಅವಳು ಬರಲ್ಲ ಎಂದ. ಅವಳು ಕೂತಳು, ಕುರ್ಚಿ ಕಿರುಗುಟ್ಟಿತು. ಮುನಿಸೇನೂ ಇರಲಿಲ್ಲ ಅವಳಿಗೆ, ಕೂತವಳೇ ಅವನ ಫೈಲಿನ ಕಡೆ ನೋಡಿ, ಮನೆಗೆ ನರ್ಸು ಕಳಿಸಿ ಅಂತ ಕೇಳೋಕೆ ಬಂದಿದ್ದೀರಾ ಎಂದಳು. ಇಂಥ ಜಾಗದಲ್ಲಿ ತಿಂಗಳುಗಟ್ಟಲೆ ಕೂತವರಿಗೆ ಫೈಲಿನ ಬಣ್ಣದಿಂದಲೇ ಗೊತ್ತಾಗುತ್ತದೆ. ನಮ್ಮತ್ತೆಗೂ ಕೇಳಿದ್ದೆ ಎಂದಳು. "ಬರಕ್ಕಾಗದೇ ಇರೋರು ಇಲ್ಲಿಗೆ ಬಂದು ತೋರಿಸ್ಬೇಕಂತೆ, ಬರಕ್ಕಾಗಲ್ಲ ಅಂತ." ಹೇಳಿ ತಾನೇ ನಕ್ಕಳು, ನಗುವಾಗ ಮಂಡಿ ನೋಯಿತೇನೋ, ಕೈಯಲ್ಲಿ ಒತ್ತಿ ಹಿಡಿದುಕೊಂಡಳು. ಅತ್ತೆ ಏನಾದರು ಎಂದು ಅವನು ಕೇಳಲಿಲ್ಲ.

ಹತ್ತನೆಯ ವಾರ ಇದೇ ಕಾರಿಡಾರು. ಆಗ ನೆಲಕ್ಕೆ ಬೇರೆ ಬಣ್ಣದ ಹಾಸಿತ್ತು. ಮೇಷ್ಟ್ರು ಪಟ್ಟಿ ನೋಡಿ ಕುಣಿದಾಡುವುದೊಂದು ಬಾಕಿ. ಐದನೆಯ ವಾರದ ಎಂಟರ ಮೇಲೆ ಬೆರಳಿಟ್ಟು, ಇಲ್ಲಿ ಬಿದ್ದು ಇಲ್ಲಿ ಎದ್ದಿದ್ದಾಳೆ ನೋಡಿ, ಇದು ಮನೋಬಲ ಎಂದು ಪಕ್ಕದವನಿಗೆ ತೋರಿಸಿದ. ಕೆಮ್ಮು ಕೆಲಸ ಮಾಡಿತ್ತು. ಆಮೇಲೆ, ಎಲ್ಲಿ, ನಮ್ಮ ಮುಂದೆಯೂ ಒಂದು ಸಲ ಇಪ್ಪತ್ತೆರಡು ನಿಮಿಷ ಎಂದ. ಗಾಲಿಕುರ್ಚಿಯಲ್ಲಿದ್ದ ಅವಳು ಅಪ್ಪನ ಕಡೆ ತಿರುಗಿದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಏನು ಮಾಡಲಿ ಎಂದು ಕೇಳುವ ಬರೀ ನೋಟ. ಅದು ಸುಳ್ಳು, ನಾನೇ ಬರೆದದ್ದು, ಅವಳು ಎದ್ದೇ ಇಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾಲ್ಕು ಸೆಕೆಂಡು. ಅವನು ಗೋಡೆಯ ಗಡಿಯಾರದ ಕಡೆ ನೋಡಿದ. ಅವಳು ಎದ್ದಳು. ಆ ತುದಿಗೆ ಹೋಗಿ ಈ ತುದಿಗೆ ಬಂದಳು. ಹನ್ನೊಂದನೆಯ ನಿಮಿಷಕ್ಕೆ ತುಟಿ ಬಿಳಿಚಿತು, ಹದಿನೇಳಕ್ಕೆ ಒಂದು ಕೈ ಗೋಡೆಯ ಮೇಲೆ. ಇನ್ನೈದೇ ಇನ್ನೈದೇ ಎಂದು ಮೇಷ್ಟ್ರು ಚಪ್ಪಾಳೆ ಹಾಕುತ್ತಾ ಜೊತೆಗೇ ಹಿಂದಕ್ಕೆ ನಡೆಯುತ್ತಿದ್ದ. ಬೆಂಚಿನಲ್ಲಿದ್ದ ಯಾರೋ ಕೂಡ ಚಪ್ಪಾಳೆ ತಟ್ಟಿದರು. ಇಪ್ಪತ್ತೆರಡಕ್ಕೆ ಅವಳು ಸರಿಯಾಗಿ ಕುರ್ಚಿಯ ಮುಂದೆ ಬಂದು, ನಿಧಾನವಾಗಿ, ದೊಡ್ಡವರ ಮನೆಗೆ ಬಂದ ಅತಿಥಿಯ ಹಾಗೆ ಕೂತಳು. ಮನೆಗೆ ವಾಪಸಾಗುವಾಗ ಅವನ ಭುಜದ ಮೇಲೆ ತಲೆಯಿಟ್ಟು, ಸರಿಹೋಯ್ತಾ ಎಂದು ಕೇಳಿದ್ದಳು. ಏನು ಎಂದದ್ದಕ್ಕೆ, ನೀನು ಬರೆದಿದ್ದು ಎಂದಳು. ದಣಿದಷ್ಟೂ ಹೆಚ್ಚಾಗುವ ಕಾಯಿಲೆಯದು, ಮಾರನೆಯ ದಿನದಿಂದ ಕಾಲು ಅವಳದಾಗಿರಲಿಲ್ಲ. ತಿಂಗಳೊಳಗೆ ಬೆಳಕು ಸೇರದಾಯಿತು, ಆಮೇಲೆ ಸದ್ದು, ಆಮೇಲೆ ಅನ್ನ. ಆ ನಡಿಗೆಯಾಗಿ ಎರಡು ವರ್ಷ ನಾಲ್ಕು ತಿಂಗಳು. ಫೈಲಿನಲ್ಲಿ ಮಾತ್ರ ಅವಳು ಇನ್ನೂ ನಡೆಯುತ್ತಲೇ ಇದ್ದಳು. ಚಿಕಿತ್ಸೆಗೆ ಉತ್ತಮ ಪ್ರತಿಕ್ರಿಯೆ, ಇಪ್ಪತ್ತೆರಡು ನಿಮಿಷ, ನಮ್ಮ ಸಮ್ಮುಖದಲ್ಲಿ ಎಂದು ಬರೆದು ಮೊಹರು ಒತ್ತಿತ್ತು. ಆಮೇಲೆ ನೋಡಿದ ಪ್ರತಿಯೊಬ್ಬ ಡಾಕ್ಟರೂ ಮೊದಲು ಆ ಹಾಳೆ ಓದಿ, ಆಮೇಲೆ ಅವಳನ್ನು ನೋಡಿ, ಮತ್ತೆ ಹಾಳೆಯನ್ನೇ ನಂಬಿದರು.

ನಲವತ್ತೊಂದು.

ಒಳಗಿದ್ದ ಡಾಕ್ಟರಮ್ಮ ಹೊಸಬಳು, ಐವತ್ತರ ಹತ್ತಿರ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದಳು. ಮೇಜಿನ ಮೇಲೆ ಅರ್ಧ ಕಚ್ಚಿದ ಬಿಸ್ಕತ್ತು. ಕೆಟ್ಟವಳಲ್ಲ, ದಣಿದವಳು, ಅಷ್ಟೆ. ದಣಿವನ್ನು ಗುರುತಿಸುವುದರಲ್ಲಿ ಅವನು ಈಗ ಪಳಗಿದ್ದ. ಆಕೆ ಅವನ ಬೆನ್ನ ಹಿಂದೆ ಬಾಗಿಲಿನ ಕಡೆ ನೋಡಿ, ಮಗಳೆಲ್ಲಿ ಎಂದಳು. ಹೊರಗಿದ್ದಾಳೆ, ಬಚ್ಚಲಿಗೆ ಹೋಗಿದ್ದಾಳೆ ಎಂಬ ಮಾತು ತಯಾರಾಗಿ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವನು ಅದನ್ನು ನುಂಗಿದ. ಮಗಳು ಬಂದಿಲ್ಲ, ಬರಲಾಗುವುದಿಲ್ಲ, ಕೌಂಟರಿನಲ್ಲಿ ಸುಳ್ಳು ಹೇಳಿದೆ ಎಂದ. ಆಕೆ ಪೆನ್ನು ಕೆಳಗಿಟ್ಟಳು. ಅವನು ಗಿಣಿಪಾಠದಂತೆ ಒಪ್ಪಿಸಿದ. ನುಂಗಲಾಗುತ್ತಿಲ್ಲ, ಮೂವತ್ತೊಂದು ಕೇಜಿಗೆ ಇಳಿದಿದ್ದಾಳೆ, ಅವಳನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ತನ್ನ ತೂಕ ಕಳೆದದ್ದು, ಮನೆಗೇ ನರ್ಸು ಬಂದು ಮೂಗಿನ ನಳಿಗೆ ಹಾಕಿ ಆಹಾರ ಕೊಡುವಂತಾದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಇಲ್ಲ. ವಾರ್ಡಿಗೆ ಸೇರಿಸಿ ಎಂದಳು ಆಕೆ. ಸೇರಿಸಿದ್ದೆವು, ಕಳೆದ ವರ್ಷ, ಆರು ದಿನ ಎಂದ. ಹಗಲೂರಾತ್ರಿ ಟ್ಯೂಬ್‌ಲೈಟಿನ ಅಡಿಯಲ್ಲಿ, ಎದ್ದು ಕೂತರೆ ತಟ್ಟೆ ಇಲ್ಲದಿದ್ದರೆ ಇಲ್ಲ ಎಂದು ನರ್ಸುಗಳು ಎಂಟು ತಟ್ಟೆ ಹಾಗೇ ವಾಪಸು ತೆಗೆದುಕೊಂಡು ಹೋದದ್ದನ್ನು, ವಾರ್ಡಿಗೆ ಹೋಗುವಾಗ ಪಿಸುಗುಟ್ಟುತ್ತಿದ್ದ ಮಗಳು ಬರುವಾಗ ಅದನ್ನೂ ಬಿಟ್ಟು ಬಂದದ್ದನ್ನು ಹೇಳಿದ. ಹೇಳುತ್ತಾ ತನ್ನ ದನಿಯೇ ತನಗೆ ದೂರು ಕೊಡುವವನ ದನಿಯಂತೆ ಕೇಳಿಸಿ ಕಿರಿಕಿರಿಯಾಯಿತು.

ಆಕೆ ಫೈಲು ತಿರುವುತ್ತಿದ್ದಳು. ಯಾವ ಹಾಳೆಗೆ ಬಂದು ನಿಲ್ಲುತ್ತಾಳೆಂದು ಅವನಿಗೆ ಗೊತ್ತಿತ್ತು. ನಿಂತಳು. ಕನ್ನಡಕ ಕಣ್ಣಿಗಿಳಿಸಿದಳು.

"ಇಪ್ಪತ್ತೆರಡು ನಿಮಿಷ ನಡೆದಿದಾಳಲ್ಲ. ನಮ್ಮೋರ ಮುಂದೆನೇ. ಆಗುತ್ತೆ ಅಂತಾಯ್ತಲ್ಲ ಅವಳಿಗೆ."

"ನಾನು ಬರೆದಿದ್ದಕ್ಕೆ ನಡೆದಳು ಡಾಕ್ಟ್ರೇ."

ಆಕೆಗೆ ಅರ್ಥವಾಗಲಿಲ್ಲ. ಅವನು ಕುರ್ಚಿಯ ತುದಿಗೆ ಬಂದು, ಪಟ್ಟಿಯನ್ನು ತನ್ನ ಕಡೆ ತಿರುಗಿಸಿ, ಎರಡನೆಯ ವಾರದಿಂದ ಕೆಳಗೆ ಬೆರಳು ಎಳೆದ. ಇಲ್ಲಿಂದ ಇಲ್ಲಿಯವರೆಗೆ ನನ್ನ ಕೈಬರಹ, ಅವಳು ಹಾಸಿಗೆಯಿಂದ ಎದ್ದಿಲ್ಲ, ಈ ಎಂಟು ಇದೆಯಲ್ಲ, ನೀವು ನಂಬಲಿ ಅಂತ ಹಾಕಿದ್ದು. ಪಂಪ್‌ಹೌಸು, ಮುದುಕ, ಸೊನ್ನೆ, ಎಲ್ಲ ಹೇಳಿದ. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದು ಎರಡು ವರ್ಷದಿಂದ ಅಂದುಕೊಂಡಿದ್ದ. ಹಗುರಾಗಲಿಲ್ಲ. ಪರರ ಮನೆಯಲ್ಲಿ ವಾಂತಿ ಮಾಡಿಕೊಂಡವನಂತೆ ಕೂತಿದ್ದ. ಆಕೆ ಪಟ್ಟಿಯಿಂದ ತಲೆಯೆತ್ತಿ ಅವನ ಮುಖ ನೋಡಿದಳು. ಹೊರಗೆ ಅಂಕಿ ಬದಲಾಗದ್ದಕ್ಕೆ ಯಾರೋ ಗೊಣಗುವುದು ಬಾಗಿಲಿನಾಚೆ ಕೇಳಿಸುತ್ತಿತ್ತು.

"ಆಗ ಸುಳ್ಳು ಬರೆದ್ರಿ ಅಂತೀರಾ. ಈಗ ಹೇಳ್ತಿರೋದು ನಿಜ ಅಂತ ನಾನು ಹೇಗೆ ತಿಳ್ಕೊಳ್ಳಲಿ?"

ಅವನು ಚೀಲದಿಂದ ಉದ್ದನೆಯ ನೋಟುಪುಸ್ತಕ ತೆಗೆದಿಟ್ಟ. ಪಂಪ್‌ಹೌಸಿನ ಹಳೆಯ ರಿಜಿಸ್ಟರಿನದೇ ರಟ್ಟು. ಒಳಗೆ ಗಂಟೆಗಂಟೆಯ ಮನೆಗಳು, ಪ್ರತಿ ಮನೆಯಲ್ಲಿ ಎಷ್ಟು ಚಮಚ ಒಳಗೆ ಹೋಯಿತೆಂಬ ಅಂಕಿ. ಮೂರು, ಒಂದು, ಐದು, ಒಂದು, ಒಂದು, ಎರಡು. ಏರಿಕೆಯಿಲ್ಲ, ಇಳಿತಕ್ಕೂ ಒಂದು ಲಯವಿಲ್ಲ, ಕೆಲವು ಕಡೆ ಕತ್ತಲಲ್ಲಿ ಬರೆದು ಗೆರೆ ದಾಟಿದ ಅಂಕಿಗಳು. ಆಕೆ ಪುಟ ತಿರುವಿದಳು. ಅವನು ನೆಲ ನೋಡುತ್ತಾ ಹೇಳಿದ.

"ಸುಳ್ಳು ಬರೆಯೋ ಹಾಗಿದ್ರೆ ಇಷ್ಟು ಕೆಟ್ಟದಾಗಿ ಬರೀತಿರಲಿಲ್ಲ. ಆ ಕೆಲಸ ನಂಗೆ ಚೆನ್ನಾಗಿ ಬರುತ್ತೆ."

ಆಕೆಯ ತುಟಿಯ ಕೊನೆ ಒಂದಿಷ್ಟು ಅಲುಗಿತು, ನಗುವೋ ಏನೋ. ಅವನು ಅದೇ ಕ್ಷಣ ತೆರೆದ ಪುಟದ ಕಡೆ ಕಣ್ಣೆತ್ತಿದ. ಆ ಒಂದುಗಳು. ಅದರಲ್ಲೂ ಸೊನ್ನೆಯಿರಲಿಲ್ಲ. ತುಟಿಗೆ ಮುಟ್ಟಿಸಿದ ಚಮಚ ಹಾಗೇ ಗಲ್ಲದ ಮೇಲೆ ಹರಿದು ದಿಂಬಿಗೆ ಹೋದ ಗಂಟೆಗಳಲ್ಲೂ ಅವನು ಒಂದು ಎಂದೇ ಬರೆದಿದ್ದ. ತುಟಿ ಒದ್ದೆಯಾಯಿತಲ್ಲ, ಅಷ್ಟಾದರೂ ಒಳಗೆ ಹೋಗಿರುತ್ತದೆ ಎಂದು. ಕೈ ಸೊನ್ನೆಯನ್ನು ಸುತ್ತಲು ಒಪ್ಪಿರಲಿಲ್ಲ. ಇದನ್ನೂ ಹೇಳಬೇಕೆಂದು ಬಾಯಿ ತೆರೆದ, ಅಷ್ಟರಲ್ಲಿ ಆಕೆ ಬರೆಯತೊಡಗಿದ್ದಳು. ತಲೆಕೆಳಗಾದ ಅಂಕಿ ಅಕ್ಷರ ಓದುವುದು ಅವನಿಗೆ ಕಸುಬಿನಿಂದ ಬಂದದ್ದು. ಕೊಳವೆಗಳ ಅಡಿಯಲ್ಲಿ ಮಲಗಿಕೊಂಡು ಮೀಟರು ಓದಿ ಓದಿ. ತಂದೆಯ ಹೇಳಿಕೆ ನಂಬಲರ್ಹವಲ್ಲ ಎಂದು ಬರೆದಳು. ಪೆನ್ನು ನಿಂತಿತು. ಅದೇ ಸಾಲಿನಲ್ಲಿ ಮುಂದುವರಿಸಿ, ಆದ್ದರಿಂದ ಮನೆಗೇ ಹೋಗಿ ನೋಡತಕ್ಕದ್ದು ಎಂದು ಬರೆದಳು. ಮೊಹರು ಒತ್ತಿದಳು. ಗುರುವಾರ ನರ್ಸು ಬಂದು ನೋಡುತ್ತಾಳೆ, ನೋಡುವುದಷ್ಟೇ, ನಳಿಗೆ ಹಾಕುವುದು ಆಕೆ ಕೊಡುವ ವರದಿಯ ಮೇಲೆ, ಹತ್ತರಿಂದ ನಾಲ್ಕರೊಳಗೆ ಯಾವಾಗ ಬೇಕಾದರೂ ಬರಬಹುದು, ಮನೆಯಲ್ಲಿರಿ ಎಂದಳು. ಮತ್ತೆ ಹಳೆಯ ಪಟ್ಟಿಯ ಮೇಲೆ ಕೈಯಿಟ್ಟು, ಇದನ್ನು ತೆಗೆಯೋಕೆ ನನಗೆ ಬರಲ್ಲ, ಫೈಲಿನಲ್ಲಿ ಇರುತ್ತೆ ಎಂದಳು. ಅವನು ಕೈ ಮುಗಿಯಲು ಹೋಗಿ ಆಕೆ ವಾಪಸು ಕೊಟ್ಟ ನೋಟುಪುಸ್ತಕವನ್ನು ಬೀಳಿಸಿದ.

ಮಂಡಿಯ ಹೆಂಗಸು ಇನ್ನೂ ಅಲ್ಲೇ ಇದ್ದಳು. ಏನಾಯಿತೆಂದು ಹುಬ್ಬಿನಲ್ಲೇ ಕೇಳಿದಳು. ಗುರುವಾರ ಎಂದ. ಗುರುವಾರ ಎಂದರೆ ಗುರುವಾರವೇ ಅಂತ ತಿಳ್ಕೋಬೇಡಿ, ಬಾಗಿಲ ಹತ್ರ ಕಿವಿ ಇಟ್ಕೊಂಡಿರಿ ಎಂದಳು. ಹೊರಗೆ ಬಿಸಿಲು ಕಣ್ಣಿಗೆ ರಾಚಿತು. ರಸ್ತೆಯಲ್ಲಿ ಜನ ನಡೆಯುತ್ತಿದ್ದರು. ಎಲ್ಲರೂ ನಡೆಯುತ್ತಿದ್ದರು, ಯಾರೂ ಎಣಿಸುತ್ತಿರಲಿಲ್ಲ. ಮುಂದೆ ಹೋಗುತ್ತಿದ್ದ ಮುದುಕನೊಬ್ಬನ ಹೆಜ್ಜೆಗೆ ತಾನು ಗಡಿಯಾರ ನೋಡುತ್ತಿರುವುದು ಗೊತ್ತಾಗಿ ಕೈಯನ್ನು ಜೇಬಿಗೆ ತುರುಕಿದ.

ಮನೆ ಮುಟ್ಟಿದಾಗ ಎರಡು ಗಂಟೆ. ಚಪ್ಪಲಿಯನ್ನು ಹೊರಗೇ ಬಿಟ್ಟು, ಬೀಗವನ್ನು ಕರವಸ್ತ್ರದಲ್ಲಿ ಹಿಡಿದು ತೆಗೆದ, ಸದ್ದಾಗದಂತೆ. ಕೋಣೆಯೊಳಗೆ ಬಿಸಿಲು ತುಂಬಿದ ಕಣ್ಣಿಗೆ ಏನೂ ಕಾಣಲಿಲ್ಲ. ನಿಂತು ಕಾದ. ಮೊದಲು ಹಾಸಿಗೆ ಬಂತು. ಆಮೇಲೆ ಅವಳು ಬರಲು ಇಂದು ಸ್ವಲ್ಪ ಹೆಚ್ಚು ಹೊತ್ತಾಯಿತೆಂದು ಅನಿಸಿ ಒಂದು ಹೆಜ್ಜೆ ಮುಂದಿಟ್ಟ. ಬಂದಳು. ಕಣ್ಣು ತೆರೆದಿದ್ದವು. ಕೊಳವೆ ಅವಳ ತುಟಿಯಿಂದ ಒಂದು ಬೆರಳಿನಷ್ಟು ದೂರ ಸರಿದಿತ್ತು, ಒಂದೇ ಬೆರಳು, ದಿಂಬು ಕುಸಿದು ಹಾಗಾಗಿತ್ತು. ಲೋಟ ಎತ್ತಿ ಬಾಗಿಲ ಸಂದಿಯ ಬೆಳಕಿಗೆ ಹಿಡಿದು ನೋಡಿದ. ತೊಟ್ಟಿಯ ಮಟ್ಟ ಓದುವವನ ಕಣ್ಣಿಗೆ ಎರಡನೆಯ ಸಲ ನೋಡಬೇಕಾಗಿರಲಿಲ್ಲ. ನೀರು ತಾನು ಇಟ್ಟು ಹೋದ ಮಟ್ಟದಲ್ಲೇ ಇತ್ತು.

ಅವಳ ಕಿವಿಯ ಹತ್ತಿರ ಮೊಣಕಾಲೂರಿ ಕೂತ. ಮೊದಲು ಕುಡಿಸಿದ, ಎರಡು ಚಮಚ ಹೋಯಿತು, ಮೂರನೆಯದು ಗಲ್ಲಕ್ಕೆ ಹರಿಯಿತು. ಒರೆಸಿದ. ಗುರುವಾರ ಒಬ್ಬರು ಬಂದು ನೋಡುತ್ತಾರೆ ಎಂದು ಒಂದೊಂದೇ ಮಾತನ್ನು ಬಿಡಿಸಿಟ್ಟು ಹೇಳಿದ. ಪಟ್ಟಿ ನಾನೇ ಬರೆದದ್ದು ಅಂತ ಹೇಳಿಬಿಟ್ಟೆ ಎಂದ. ಹೊದಿಕೆಯ ಮೇಲಿನ ಕೈ ಅಲುಗಲಿಲ್ಲ. ಕೇಳಿಸಿತೋ ಇಲ್ಲವೋ. ಅಥವಾ ಅದಕ್ಕೆ ಹೌದು ಇಲ್ಲ ಎರಡೂ ಸಾಲದೇನೋ. ಅವನು ನೋಟುಪುಸ್ತಕ ತೆರೆದು ತೊಡೆಯ ಮೇಲಿಟ್ಟುಕೊಂಡ. ಹತ್ತು, ಹನ್ನೊಂದು, ಹನ್ನೆರಡು, ಒಂದು. ಆ ನಾಲ್ಕು ಗಂಟೆಗಳ ಮನೆಗಳು ಖಾಲಿಯಿದ್ದವು. ಬೆರಳುಗಳು ತಮ್ಮ ಪಾಡಿಗೆ ತಾವು ಒಂದು ಎಂದು ಗೀಚಲು ಪೆನ್ನನ್ನು ನೆಟ್ಟಗೆ ಹಿಡಿದವು. ಒಂದು ಬರೆಯುವುದು ಎಷ್ಟು ಸುಲಭ, ಮೇಲಿಂದ ಕೆಳಗೆ ಒಂದು ಗೆರೆ. ಗುರುವಾರದವಳು ಈ ಪುಟ ನೋಡುತ್ತಾಳೆ. ಮಗಳನ್ನು ನಾಲ್ಕು ಗಂಟೆ ಒಬ್ಬಳನ್ನೇ ಬಿಟ್ಟು ಹೋದ ಅಪ್ಪ ಎಂದು ಬರೆದುಕೊಳ್ಳಲೂಬಹುದು. ಸೊನ್ನೆ ಬರೆದ್ರೆ ಇನ್‌ಸ್ಪೆಕ್ಷನ್ ಬರುತ್ತೆ ಎಂದು ಮುದುಕ ಮೂಗಿನೊಳಗಿಂದ ಹೇಳಿದ. ಬರಲಿ ಎಂದುಕೊಂಡ ಅವನು.

"ಸೊನ್ನೆ ಅಂತ ಬರೀಲಾ ಮಿಡತೆ?"

ಕಾದ. ಬಹಳ ಹೊತ್ತು ಕಾದ. ಒಂದು ಬೆರಳು ಎದ್ದಿತು, ಅದರ ಪಕ್ಕದ್ದು ಏಳುತ್ತದೇನೋ ಎಂದು ಅವನು ನೋಡಿದ. ಏಳಲಿಲ್ಲ. ಒಂದೇ. ಆ ಬೆರಳು ಹಾಗೇ ಗಾಳಿಯಲ್ಲಿ, ಅವನು ನಾಲ್ಕು ಮನೆಗಳಲ್ಲಿ ನಾಲ್ಕು ಸೊನ್ನೆಗಳನ್ನು ಸುತ್ತಿ ಮುಗಿಸುವವರೆಗೂ, ನಡುಗುತ್ತಾ ನಿಂತಿತ್ತು.